ಗುಣವಾಯಿತು, ಯಾವುದರಿಂದ?

(ಕಿನ್ನಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಕ್ಯಾನ್ಸರ್ ಹೊಕ್ಕ ಎಷ್ಟೋ ಮನೆಗಳಲ್ಲಿ ಎರಡು ಬಗೆಯ ಔಷಧಿ ಒಟ್ಟಿಗೆ ನಡೆಯುತ್ತವೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ ಕೀಮೋ ತೆಗೆದುಕೊಳ್ಳುತ್ತಾರೆ. ನಮ್ಮ ಜನ 'ಕರೆಂಟ್ ಕೊಡೋದು' ಎನ್ನುವ ವಿಕಿರಣ ಚಿಕಿತ್ಸೆಯೂ ಆಗುತ್ತದೆ. ಊರಿಗೆ ಮರಳಿದ ಮೇಲೆ ನಾಟಿ ವೈದ್ಯರು ಕೊಟ್ಟ ಕಷಾಯ, ತೊಗಟೆಯ ಪುಡಿ, ಪಥ್ಯ ಶುರುವಾಗುತ್ತವೆ. ಆಸ್ಪತ್ರೆಯಲ್ಲಿ ಇದರ ಸುದ್ದಿ ಎತ್ತುವುದಿಲ್ಲ, ಬೈದಾರು ಎಂಬ ಅಂಜಿಕೆ. ಮುಂದುವರಿದ ಹಂತ ಎಂದು ಹೇಳಿಸಿಕೊಂಡ ರೋಗಿ ಎದ್ದು ಓಡಾಡುವಂತಾದರೆ ಊರು ಒಂದು ಪ್ರಶ್ನೆ ಕೇಳುತ್ತದೆ: ಯಾವುದರಿಂದ ಗುಣವಾಯಿತು? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ. ಊರು ಇದಕ್ಕೆ ಕೊಡುವ ಉತ್ತರದಿಂದ ಆ ರೋಗಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವರು ಆಗಲೇ ಗುಣವಾಗಿದ್ದಾರೆ. ಆ ಉತ್ತರವನ್ನು ನಂಬಿ ದಾರಿ ಆರಿಸಿಕೊಳ್ಳುವವರು ಮುಂದೆ ರೋಗ ಬರಲಿರುವವರು. ಹಾಗಾಗಿ ಗುಣವಾದ ಶ್ರೇಯಸ್ಸನ್ನು ಯಾವುದಕ್ಕೆ ಸಲ್ಲಿಸುತ್ತೇವೆ ಎಂಬುದು ಮತ್ತೊಬ್ಬರ ಜೀವದ ವಿಷಯ. ಅದನ್ನು ಅಭಿಮಾನದಿಂದಾಗಲಿ ಕೃತಜ್ಞತೆಯಿಂದಾಗಲಿ ತೀರ್ಮಾನಿಸಬಾರದು, ಪರೀಕ್ಷಿಸಿ ತೀರ್ಮಾನಿಸಬೇಕು ಎಂಬುದು ನನ್ನ ವಾದ.

2024ರ ನವೆಂಬರಿನಲ್ಲಿ ನಡೆದ ಸಂಗತಿ ನಿಮಗೆ ನೆನಪಿರಬಹುದು. ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಪತ್ನಿ ನಾಲ್ಕನೇ ಹಂತದ ಕ್ಯಾನ್ಸರಿನಿಂದ ಪಾರಾದರೆಂದು ಪತ್ರಕರ್ತರ ಮುಂದೆ ಸಂತೋಷದಿಂದ ಹೇಳಿದರು. ನಿಂಬೆ, ಹಸಿ ಅರಿಸಿನ, ಬೇವಿನೆಲೆ, ಸಕ್ಕರೆ ಬಿಟ್ಟ ಆಹಾರ, ಊಟದ ನಡುವೆ ದೀರ್ಘ ಬಿಡುವು, ಇಷ್ಟರಿಂದ 40 ದಿನದಲ್ಲಿ ಫಲ ಕಂಡಿತೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶವೆಲ್ಲ ಸುತ್ತಿತು. ಅವರ ಪತ್ನಿಗೆ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಆಗಿದ್ದವು ಎಂಬ ಸಂಗತಿ ಅಷ್ಟು ದೂರ ಹೋಗಲಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ ಮತ್ತು ಮಾಜಿ ವೈದ್ಯರು 262 ಮಂದಿ ಸಹಿ ಹಾಕಿ, ಇಂಥ ಮಾತಿಗೆ ಪುರಾವೆಯಿಲ್ಲ, ಇದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ ಎಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಆಹಾರಕ್ರಮವನ್ನು ವೈದ್ಯರ ಚಿಕಿತ್ಸೆಯ ಜೊತೆಯಲ್ಲೇ ಪಾಲಿಸಿದ್ದೆಂದು ಸಿಧು ಅವರೂ ಆಮೇಲೆ ತಿಳಿಸಿದರು. ಅವರ ಮಾತಿನಲ್ಲಿ ಕಪಟವಿತ್ತೆಂದು ನನಗೆ ಅನ್ನಿಸುವುದಿಲ್ಲ. ಹೆಂಡತಿ ಬದುಕಿ ಬಂದ ಸಂಭ್ರಮದಲ್ಲಿ ಗಂಡನೊಬ್ಬ ತಾನು ಕಣ್ಣಾರೆ ಕಂಡದ್ದನ್ನು, ಕೈಯಾರೆ ಮಾಡಿದ್ದನ್ನು ಹೇಳಿದ.

ಕಣ್ಣಿಗೆ ಕಂಡದ್ದೇ ಎಲ್ಲವೂ ಅಲ್ಲ ಎಂಬುದನ್ನು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿನ್ನಾಳದ ಮರದ ಗೊಂಬೆಗಳಲ್ಲಿ ಗರುಡನನ್ನೋ ಗೌರಮ್ಮನನ್ನೋ ಕೊಂಡವರು ಬಣ್ಣವನ್ನು ಹೊಗಳುತ್ತಾರೆ. ಒಳಗಿನ ಹಗುರ ಮರ, ಸಂದು ಬಿಡದಂತೆ ಹಿಡಿದ ಹುಣಸೆಬೀಜದ ಅಂಟು, ಕಿಟ್ಟದ ಲೇಪ ಇವೆಲ್ಲ ಗೊಂಬೆ ಮಾಡುವ ಚಿತ್ರಗಾರರ ಮನೆಯವರಿಗಷ್ಟೇ ಗೊತ್ತು. ಕ್ಯಾನ್ಸರ್ ಚಿಕಿತ್ಸೆಯಲ್ಲೂ ಕಣ್ಣಿಗೆ ಬೀಳುವುದು ಬೇರೆ, ಭಾರ ಹೊರುವುದು ಬೇರೆ. ಕೀಮೋ ಮೂರು ವಾರಕ್ಕೊಮ್ಮೆ ಆಸ್ಪತ್ರೆಯ ಬಾಗಿಲ ಹಿಂದೆ ನಡೆಯುತ್ತದೆ. ಮನೆಯವರ ಕಣ್ಣಿಗೆ ಕಾಣುವುದು ಅದರ ಸಂಕಟ ಮಾತ್ರ: ವಾಂತಿ, ಉದುರುವ ಕೂದಲು, ಬಾಯಿಹುಣ್ಣು, ಇಳಿದ ರಕ್ತ. ಗಂಟು ಕರಗುವುದು ಒಳಗೆ, ಯಾರಿಗೂ ಕಾಣದಂತೆ. ಕೀಮೋ ಮುಗಿದ ಕೆಲವು ವಾರಗಳ ಮೇಲೆ ದೇಹ ಚೇತರಿಸಿಕೊಳ್ಳುತ್ತದೆ, ಹಸಿವಾಗುತ್ತದೆ, ಕೂದಲು ಚಿಗುರುತ್ತದೆ. ಆ ಹೊತ್ತಿಗೆ ಮನೆಯಲ್ಲಿ ನಡೆಯುತ್ತಿರುವುದು ಕಷಾಯ. ಸಂಕಟವೆಲ್ಲ ಆಸ್ಪತ್ರೆಯ ಹೆಸರಿಗೆ, ಚೇತರಿಕೆಯೆಲ್ಲ ಕಷಾಯದ ಹೆಸರಿಗೆ ಹೋಗುವುದು ಹೀಗೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಘಟನೆಗಳು ನಡೆಯುವ ಕ್ರಮವೇ ಯಾರನ್ನಾದರೂ ಹೀಗೆ ನಂಬಿಸುವಂತಿದೆ. ಕಣ್ಣಿಗೆ ಕಂಡದ್ದರ ಮೇಲೆ ಈ ಪ್ರಶ್ನೆ ಬಿಡಬಾರದು ಎನ್ನುವುದಕ್ಕೆ ಕಾರಣವೂ ಇದೇ.

ಹಾಗಾದರೆ ಪರೀಕ್ಷೆ ಏನು ಹೇಳುತ್ತದೆ? 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಎರಡು ಅಧ್ಯಯನಗಳನ್ನು ಪ್ರಕಟಿಸಿದರು. ಮೊದಲನೆಯದು, ಆಸ್ಪತ್ರೆಯ ಚಿಕಿತ್ಸೆಯನ್ನು ಪೂರ್ತಿ ಬಿಟ್ಟು ಬದಲಿ ಔಷಧಿಯನ್ನಷ್ಟೇ ನಂಬಿದ 281 ಜನರ ಲೆಕ್ಕ. ಸ್ತನ, ಶ್ವಾಸಕೋಶ, ಕರುಳು, ಪ್ರಾಸ್ಟೇಟ್ ಕ್ಯಾನ್ಸರಿನ ಇವರಲ್ಲಿ ರೋಗ ಇನ್ನೂ ದೂರದ ಅಂಗಗಳಿಗೆ ಹರಡಿರಲಿಲ್ಲ. ಅಂಥದೇ ರೋಗವಿದ್ದು ಆಸ್ಪತ್ರೆಯ ಚಿಕಿತ್ಸೆ ಪಡೆದವರೊಡನೆ ಹೋಲಿಸಿದಾಗ ಇವರು ಸಾಯುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗೂ ಮಿಕ್ಕಿತ್ತು. ಎರಡನೆಯ ಅಧ್ಯಯನ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಇದರಲ್ಲಿದ್ದ 258 ಜನ ಆಸ್ಪತ್ರೆಯ ಚಿಕಿತ್ಸೆಯನ್ನೂ ಪಡೆದಿದ್ದರು, ಜೊತೆಗೆ ಬೇರೆ ಔಷಧಿಯನ್ನೂ ತೆಗೆದುಕೊಂಡಿದ್ದರು. ಇವರಲ್ಲೂ ಸಾವಿನ ಸಂಭವ ಸುಮಾರು ಎರಡು ಪಟ್ಟಾಗಿತ್ತು. ಏಕೆಂದು ಬಿಡಿಸಿ ನೋಡಿದರೆ, ಶಸ್ತ್ರಚಿಕಿತ್ಸೆ ಬೇಡವೆಂದವರು ಇವರಲ್ಲಿ ಶೇ. 7, ಉಳಿದವರಲ್ಲಿ ಸಾವಿರಕ್ಕೆ ಒಬ್ಬರು. ಕೀಮೋ ಬೇಡವೆಂದವರು ಇವರಲ್ಲಿ ಶೇ. 34, ಉಳಿದವರಲ್ಲಿ ಶೇ. 3, ವಿಕಿರಣ ಬೇಡವೆಂದವರು ಇವರಲ್ಲಿ ಅರ್ಧಕ್ಕೂ ಹೆಚ್ಚು. ಹೀಗೆ ಬಿಟ್ಟುಬಿಟ್ಟ ಚಿಕಿತ್ಸೆಯನ್ನು ಲೆಕ್ಕಕ್ಕೆ ಹಿಡಿದಾಗ ಎರಡು ಗುಂಪಿನ ನಡುವಿನ ಅಂತರ ಖಚಿತವಾಗಿ ಹೇಳಲಾಗದಷ್ಟು ಕುಗ್ಗಿತು. ಇವು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ, ಆಸ್ಪತ್ರೆಯ ದಾಖಲೆಗಳಿಂದ ತೆಗೆದ ಲೆಕ್ಕ. ಆ ಮಿತಿ ಇದೆ. ಆದರೂ ಅವು ತೋರಿಸುವ ದಿಕ್ಕು ಸ್ಪಷ್ಟ. ಜೊತೆಗೆ ಕುಡಿದ ಕಷಾಯ ಇವರ ಆಯುಷ್ಯ ಕಳೆದದ್ದಕ್ಕೆ ಪುರಾವೆಯಿಲ್ಲ, ಹೆಚ್ಚಿಸಿದ್ದಕ್ಕೂ ಇಲ್ಲ. ಆಯುಷ್ಯ ಕಳೆದದ್ದು ಕಷಾಯದ ಧೈರ್ಯದಲ್ಲಿ ಕೈಬಿಟ್ಟ ಚಿಕಿತ್ಸೆ. 'ಜೊತೆಗೆ' ಎಂದು ಶುರುವಾದದ್ದು ಗೊತ್ತಿಲ್ಲದಂತೆ 'ಬದಲಿಗೆ' ಆಗುತ್ತದೆ, ಅಪಾಯ ಅಲ್ಲಿದೆ.

ನಟ ಶಿವರಾಜ್‌ಕುಮಾರ್ ಅವರಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ನಾಡಿನ ತುಂಬ ಅಭಿಮಾನಿಗಳು ಪೂಜೆ, ಹರಕೆ ಮಾಡಿದರು. ಪೂಜೆ ನಡೆಯುತ್ತಿದೆ, ಶಸ್ತ್ರಚಿಕಿತ್ಸೆ ಬೇಡ ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ನಮ್ಮ ಜನರಿಗೆ 'ಜೊತೆಗೆ' ಎಂಬುದರ ಅಳತೆ ಚೆನ್ನಾಗಿ ಗೊತ್ತು ಎನ್ನುವುದಕ್ಕಾಗಿ ಇದನ್ನು ನೆನೆದೆ. ದೇವರ ವಿಷಯದಲ್ಲಿ ತಪ್ಪದ ಆ ಅಳತೆ ಗಿಡಮೂಲಿಕೆಯ ವಿಷಯದಲ್ಲಿ ಮಾತ್ರ ತಪ್ಪುತ್ತದೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು. ಆಸ್ಪತ್ರೆ ಕೈಚೆಲ್ಲಿದ ಮೇಲೂ ನಾಟಿ ಔಷಧಿಯಿಂದ ಬದುಕಿದವರಿದ್ದಾರಲ್ಲ, ಅವರನ್ನು ಏನೆನ್ನುತ್ತೀರಿ? ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೆ ಕಾಡಿನ ತೊಗಟೆಯ ಔಷಧಿ ಕೊಡುತ್ತಿದ್ದರು. ಗುರುವಾರ, ಭಾನುವಾರಗಳಂದು ಹೊರರಾಜ್ಯಗಳಿಂದಲೂ ಬಂದ ಜನ ಅಲ್ಲಿ ಸಾಲು ನಿಲ್ಲುತ್ತಿದ್ದರು. ಆ ಸಾಲಿನ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ನಿಂತವರು ಕೊನೆಯ ಆಸೆಯನ್ನು ಹೊತ್ತು ಬಂದವರು. ಆದರೆ ಸಾಲಿನ ಉದ್ದ ಔಷಧಿಯ ಗುಣವನ್ನು ಹೇಳಲಾರದು. ಔಷಧಿ ಒಯ್ದವರಲ್ಲಿ ಯಾರಿಗೆ ಯಾವ ಅಂಗದ ರೋಗವಿತ್ತು, ತುಂಡು ತೆಗೆದು ಪರೀಕ್ಷಿಸಿ ಕ್ಯಾನ್ಸರೇ ಎಂದು ಖಚಿತವಾಗಿತ್ತೆ, ಮೊದಲು ಯಾವ ಚಿಕಿತ್ಸೆಯಾಗಿತ್ತು, ವರ್ಷದ ಮೇಲೆ ಎಷ್ಟು ಜನ ಉಳಿದಿದ್ದರು ಎಂದು ತಿಳಿದಾಗ ಮಾತ್ರ ಗುಣ ತಿಳಿಯುತ್ತದೆ. ಉಳಿದವರು ಮತ್ತೆ ಬಂದು ಕೈಮುಗಿಯುತ್ತಾರೆ, ನೆಂಟರಿಷ್ಟರನ್ನೂ ಕರೆತರುತ್ತಾರೆ. ಉಳಿಯದವರು ಬಂದು ಸಾಕ್ಷಿ ಹೇಳಲಾರರು. ಸಾಕ್ಷಿಗಳೆಲ್ಲ ಒಂದೇ ಕಡೆಯವರಾದ ಮೊಕದ್ದಮೆಯಲ್ಲಿ ಯಾವ ನ್ಯಾಯಾಧೀಶನೂ ತೀರ್ಪು ಕೊಡಲಾರ.

'ಕೈಚೆಲ್ಲಿದರು' ಎಂಬುದರ ಒಳಗೂ ಹಲವು ಸಂಗತಿಗಳು ಅಡಗಿರುತ್ತವೆ. ಕೆಲವು ಕ್ಯಾನ್ಸರುಗಳು ಹರಡಿದ ಮೇಲೂ ಬಹಳ ನಿಧಾನವಾಗಿ ಬೆಳೆಯುತ್ತವೆ. ಔಷಧಿಯಿಲ್ಲದೆಯೂ ವರ್ಷಗಟ್ಟಲೆ ಬದುಕಿರುವವರಿದ್ದಾರೆ. ವಿಕಿರಣದ ಪರಿಣಾಮ ಚಿಕಿತ್ಸೆ ಮುಗಿದು ವಾರಗಳ ಮೇಲೂ ಮುಂದುವರಿಯುತ್ತದೆ. ಇನ್ನು, ಬಹಳ ಅಪರೂಪಕ್ಕೆ, ಕ್ಯಾನ್ಸರ್ ತಾನಾಗಿಯೇ ಕರಗುವುದೂ ಉಂಟು. ಅಮೆರಿಕದ ಎವರ್ಸನ್ ಮತ್ತು ಕೋಲ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಜಗತ್ತಿನ ವೈದ್ಯ ಬರಹಗಳನ್ನೆಲ್ಲ ಜಾಲಾಡಿ ಇಂಥ 176 ಪ್ರಕರಣಗಳನ್ನು ಒಟ್ಟುಗೂಡಿಸಿದರು. ವಿಜ್ಞಾನ ಅವನ್ನು ಸುಳ್ಳೆಂದು ಬದಿಗೆ ಸರಿಸಲಿಲ್ಲ. ಅವಕ್ಕಿಂತ ಬಹಳ ಮೊದಲೇ, 1890ರ ದಶಕದಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ತೀವ್ರ ಜ್ವರ ಬಂದುಹೋದ ಮೇಲೆ ಕೆಲವರ ಗಂಟು ಕರಗಿದ್ದನ್ನು ಗಮನಿಸಿ ಅದರ ಬೆನ್ನುಹತ್ತಿದ್ದ. ದೇಹದ ರಕ್ಷಣಾ ವ್ಯವಸ್ಥೆಯೇ ಕ್ಯಾನ್ಸರನ್ನು ಕೊಲ್ಲಬಲ್ಲದು ಎಂಬ ಆ ಎಳೆ ಬೆಳೆಯುತ್ತ ಬಂದು, ಇಂದಿನ ಇಮ್ಯುನೋಥೆರಪಿಗೆ ಅಡಿಪಾಯ ಹಾಕಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಅಚ್ಚರಿಯ ಚೇತರಿಕೆಗೆ ನಾವು ಕೊಡಬಹುದಾದ ದೊಡ್ಡ ಗೌರವವೆಂದರೆ ಅದರ ಕಾರಣ ಹುಡುಕುವುದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ ದನಿಯಲ್ಲಿ ಬರುತ್ತದೆ: ಗಿಡಮೂಲಿಕೆಯಲ್ಲಿ ಔಷಧಿಯಿದೆ, ಕಂಪನಿಗಳು ಅದನ್ನು ಮುಚ್ಚಿಡುತ್ತವೆ. ಮೊದಲರ್ಧ ನಿಜ. ನಮ್ಮ ಅಂಗಳದಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಎಲೆಯನ್ನು ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. 1950ರ ದಶಕದಲ್ಲಿ ಕೆನಡಾದಲ್ಲಿ ಅದನ್ನು ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಅಲ್ಲಿಂದ ಬಂದ ವಿನ್‌ಬ್ಲಾಸ್ಟಿನ್, ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಕ್ಯಾನ್ಸರ್ ಆಸ್ಪತ್ರೆಗಳಲ್ಲಿವೆ. ಮಕ್ಕಳ ರಕ್ತಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಲ್ಲದೆ ಆಗುವುದಿಲ್ಲ. ನಮ್ಮ ಸಹ್ಯಾದ್ರಿಯ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ನಿನಿಂದ ಕರುಳಿನ ಕ್ಯಾನ್ಸರಿಗೆ ಕೊಡುವ ಔಷಧಿ ತಯಾರಾಗುತ್ತದೆ. ಕೀಮೋ ಎಂದು ನಾವು ಅಂಜುವ ಬಾಟಲಿಯಲ್ಲಿ ಎಷ್ಟೋ ಸಲ ಇರುವುದು ಗಿಡದ ಸಾರವೇ.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲ ಕೊಡುವ ಕಥೆ ಚೀನಾದ ಹಾರ್ಬಿನ್ ನಗರದ್ದು. 1970ರ ದಶಕದ ಆರಂಭದಲ್ಲಿ ಹಳ್ಳಿಯ ನಾಟಿ ವೈದ್ಯನೊಬ್ಬನ ಕ್ಯಾನ್ಸರ್ ಔಷಧಿಯ ಸುದ್ದಿ ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ತಲುಪಿತು. ಅದರಲ್ಲಿದ್ದವು ಮೂರು ವಸ್ತು: ಪಾಷಾಣ, ಪಾದರಸದ ಲವಣ, ಕಪ್ಪೆಯ ವಿಷ. ಅಲ್ಲಿನ ವೈದ್ಯ ಝಾಂಗ್ ತಿಂಗ್‌ಡಾಂಗ್ ಮತ್ತು ಅವರ ಸಂಗಡಿಗರು ಅದನ್ನು ನಂಬಲೂ ಇಲ್ಲ, ನಗಲೂ ಇಲ್ಲ. ಮೂರನ್ನೂ ಬೇರೆ ಮಾಡಿ ನೋಡಿದರು. ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತಿತ್ತು, ಕಪ್ಪೆಯ ವಿಷ ರಕ್ತದೊತ್ತಡ ಏರಿಸುತ್ತಿತ್ತು; ಗುಣವೆಲ್ಲ ಪಾಷಾಣದಲ್ಲಿತ್ತು. ಅದೂ ಎಲ್ಲ ಕ್ಯಾನ್ಸರಿಗೂ ಅಲ್ಲ, ರಕ್ತಕ್ಯಾನ್ಸರಿನ ಒಂದು ಬಗೆಯಾದ ಪ್ರೊಮೈಲೋಸಿಟಿಕ್ ಲ್ಯುಕೇಮಿಯಾಕ್ಕೆ. ಕೆಲವೇ ದಿನಗಳಲ್ಲಿ ರಕ್ತಸ್ರಾವದಿಂದ ಕೊಲ್ಲುತ್ತಿದ್ದ ರೋಗ ಅದು. 2013ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ, ಹೆಚ್ಚು ಅಪಾಯವಿಲ್ಲದ ರೋಗಿಗಳಿಗೆ ಕೀಮೋ ಇಲ್ಲದೆ ಪಾಷಾಣ ಮತ್ತು ವಿಟಮಿನ್ 'ಎ' ಯಿಂದ ಬಂದ ಒಂದು ಔಷಧಿ ಕೊಟ್ಟಾಗ, ಎರಡು ವರ್ಷದ ಮೇಲೂ ನೂರಕ್ಕೆ 97 ಜನ ರೋಗ ಮರುಕಳಿಸದೆ ಬದುಕಿದ್ದರು. ಕೀಮೋ ಜೊತೆಗಿನ ಹಳೆಯ ಚಿಕಿತ್ಸೆಯಲ್ಲಿ ಈ ಸಂಖ್ಯೆ 86. ನಾಟಿ ಔಷಧಿ ಕೀಮೋವನ್ನೇ ಗೆದ್ದ ಕಥೆ ಇದು, ನಾನು ಇದನ್ನು ಸಂತೋಷದಿಂದ ಹೇಳುತ್ತೇನೆ. ಮೂರು ವಸ್ತುಗಳಲ್ಲಿ ಯಾವುದರಿಂದ ಎಂದು ಕೇಳಿದ್ದರಿಂದ ಗೆದ್ದಿತು. ಕೇಳದೆ ಇದ್ದಿದ್ದರೆ ಪಾದರಸವೂ ಕಪ್ಪೆಯ ವಿಷವೂ ಇವತ್ತಿಗೂ ರೋಗಿಯ ಹೊಟ್ಟೆಗೆ ಹೋಗುತ್ತಿದ್ದವು. ಅದೇ ಬಗೆಯಲ್ಲಿ ಕೇಳಿದಾಗ ಸೋತ ಔಷಧಿಗಳೂ ಇವೆ. ಜರ್ದಾಳು ಬೀಜದಿಂದ ಮಾಡಿದ ಲೇಟ್ರೈಲ್ ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿತ್ತು. 178 ರೋಗಿಗಳ ಮೇಲೆ ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದ ವರದಿಯಂತೆ ಅದರಿಂದ ಗುಣವಾಗಲಿಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತ್ತು.

ಆಕ್ಷೇಪದ ಎರಡನೆಯರ್ಧದಲ್ಲೂ ಒಂದು ಪಾಲು ಸತ್ಯವಿದೆ. ಲಾಭ ಸಿಗದ ಔಷಧಿಯ ಪರೀಕ್ಷೆಗೆ ಕಂಪನಿಗಳು ಹಣ ಹಾಕುವುದಿಲ್ಲ. ರಕ್ತಕ್ಯಾನ್ಸರಿನ ಇಮಾಟಿನಿಬ್ ಮಾತ್ರೆ ಬಡವರಿಗೆ ಎಟುಕಬೇಕಾದರೆ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ತಳ್ಳಿಹಾಕಬೇಕಾಯಿತು. ಆದರೆ ಇದಕ್ಕೆ ಮದ್ದು ಪರೀಕ್ಷೆಯನ್ನೇ ಬಿಡುವುದಲ್ಲ, ಸಾರ್ವಜನಿಕ ಹಣದಲ್ಲಿ ಪರೀಕ್ಷೆ ನಡೆಸುವುದು. ಟಾಟಾ ಸ್ಮಾರಕ ಆಸ್ಪತ್ರೆ ಅದನ್ನು ಮಾಡಿ ತೋರಿಸಿದೆ. ಗುಟ್ಕಾ, ತಂಬಾಕು ಜಗಿಯುವ ನಮ್ಮ ಸೀಮೆಗೆ ತೀರ ಬೇಕಾದ ಪ್ರಯೋಗ ಅದು. ಗುಣಪಡಿಸಲಾಗದಷ್ಟು ಮುಂದುವರಿದ ಬಾಯಿ, ಗಂಟಲಿನ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧ ಜನರಿಗೆ ಅಗ್ಗದ ಮಾತ್ರೆಗಳನ್ನಷ್ಟೇ ಕೊಟ್ಟರು. ಉಳಿದವರಿಗೆ ಅವುಗಳ ಜೊತೆಗೆ, ದುಬಾರಿ ಇಮ್ಯುನೋಥೆರಪಿ ಔಷಧಿ ನಿವೊಲುಮ್ಯಾಬನ್ನು ವಾಡಿಕೆಯ ಪ್ರಮಾಣದ ಹತ್ತನೇ ಒಂದು ಪಾಲಿಗಿಂತ ಕಡಿಮೆ ಕೊಟ್ಟರು. ಒಂದು ವರ್ಷದ ಮೇಲೆ ಮೊದಲ ಗುಂಪಿನಲ್ಲಿ ಉಳಿದವರು ನೂರಕ್ಕೆ 16, ಎರಡನೆಯದರಲ್ಲಿ 43. ಕಡಿಮೆ ಔಷಧಿ ಸಾಕೆಂದು ತೋರಿಸುವ ಪ್ರಯೋಗದಿಂದ ಯಾವ ಕಂಪನಿಗೂ ಲಾಭವಿಲ್ಲ. ಅದು ನಡೆಯಿತು, ಪ್ರಕಟವೂ ಆಯಿತು.

ಮೂರನೆಯದು ಆಕ್ಷೇಪಕ್ಕಿಂತ ನೋವಿನ ಮಾತು. ನಾಲ್ಕನೇ ಹಂತದಲ್ಲಿ ಆಸ್ಪತ್ರೆ ತಾನೆ ಏನು ಮಾಡುತ್ತದೆ? ಹೊಲ ಮಾರಿಸಿ, ಸಂಕಟ ಕೊಟ್ಟು, ಕೊನೆಗೆ ಮನೆಗೆ ಕರಕೊಂಡು ಹೋಗಿ ಎನ್ನುತ್ತದೆ. ಇದಕ್ಕೆ ಪ್ರಾಮಾಣಿಕ ಉತ್ತರ ಒಂದೇ ಇರಲಾರದು. ವೃಷಣದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ ಮೇಲೂ ಬಹುಪಾಲು ಗುಣವಾಗುತ್ತದೆ. ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾದ ಹಲವು ಬಗೆಗಳು ನಾಲ್ಕನೇ ಹಂತದಲ್ಲೂ ಗುಣವಾಗುತ್ತವೆ. ಹರಡಿದ ಸ್ತನ ಕ್ಯಾನ್ಸರನ್ನು ಪೂರ್ತಿ ಅಳಿಸುವುದು ಕಷ್ಟ, ವರ್ಷಗಳ ಕಾಲ ಹಿಡಿದಿಡಬಹುದು. ಮೇದೋಜೀರಕ ಗ್ರಂಥಿಯದಾದರೆ ಸಿಗುವ ಕಾಲ ಕಡಿಮೆ. 'ನಾಲ್ಕನೇ ಹಂತ' ಎಂಬುದು ಒಂದೇ ವಿಧಿಯಲ್ಲ. ಯಾವ ಅಂಗದ್ದು, ಯಾವ ಬಗೆಯದು ಎಂಬುದರ ಮೇಲೆ ಎಲ್ಲ ನಿಂತಿದೆ. ಅದನ್ನು ತಿಳಿಯಲು ಬಯಾಪ್ಸಿ, ಎಂದರೆ ತುಂಡು ತೆಗೆದು ಮಾಡುವ ಪರೀಕ್ಷೆ, ಬೇಕು. ಕತ್ತರಿ ಮುಟ್ಟಿಸಿದರೆ ರೋಗ ಹರಡುತ್ತದೆ ಎಂಬ ಭಯದಿಂದ ಬಯಾಪ್ಸಿ ಬಿಟ್ಟವರು, ಗುಣವಾಗಬಹುದಾಗಿದ್ದ ರೋಗವನ್ನೂ ಗುರುತಿಸದೆ ಕಳೆದುಕೊಳ್ಳುತ್ತಾರೆ.

ಗುಣವಾಗದ ಹಂತದಲ್ಲಿ ಆಸ್ಪತ್ರೆಗಳು ಸೋತಿವೆ ಎಂಬ ದೂರನ್ನು ನಾನು ಒಪ್ಪುತ್ತೇನೆ. ಸೋಲು ಇರುವುದು ಔಷಧಿಯಲ್ಲಿ ಅಷ್ಟಲ್ಲ, ಮಾತಿನಲ್ಲಿ. ಗಂಟೆಗಟ್ಟಲೆ ಕಾದು ಕೂತವರಿಗೆ ಸಿಗುವುದು ಐದು ನಿಮಿಷ. ನಾಟಿ ವೈದ್ಯರು ಮಾತಾಡಿಸುತ್ತಾರೆ, ಏನು ಉಣ್ಣಬೇಕು ಎಂದು ಹೇಳುತ್ತಾರೆ, ಮನೆಯ ಹೆಣ್ಣುಮಕ್ಕಳಿಗೆ ಮಾಡಲು ಒಂದು ಕೆಲಸ ಕೊಡುತ್ತಾರೆ. ಕೈಕಟ್ಟಿ ಕೂತು ನೋಡುವ ಸಂಕಟಕ್ಕಿಂತ ಕಷಾಯ ಕುದಿಸುವುದು ಎಷ್ಟೋ ಮೇಲು. ಹೀಗೆ ಮಾತಾಡಿಸಿ ವಿಚಾರಿಸುವುದರ ಬೆಲೆಯನ್ನೂ ವಿಜ್ಞಾನ ಅಳೆದಿದೆ. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗದಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಪೈಕಿ ಅರ್ಧ ಜನರಿಗೆ ಚಿಕಿತ್ಸೆಯ ಜೊತೆಗೆ ಮೊದಲ ದಿನಗಳಿಂದಲೇ ನೋವು, ಉಸಿರಾಟ, ಮನಸ್ಸು, ಮನೆ ಎಲ್ಲವನ್ನೂ ವಿಚಾರಿಸುವ ಉಪಶಾಮಕ ಆರೈಕೆ ಕೊಟ್ಟರು. ಕೊನೆಯ ದಿನಗಳಲ್ಲಿ ಅವರು ಕಡಿಮೆ ಕೀಮೋ ಪಡೆದರು, ಆದರೂ ಹೆಚ್ಚು ಕಾಲ ಬದುಕಿದರು: ಉಳಿದವರ ಮಧ್ಯಮ ಆಯುಷ್ಯ 8.9 ತಿಂಗಳಾದರೆ ಇವರದು 11.6. ಯೋಗದ ಲೆಕ್ಕವೂ ಇದೆ. ಬೆಂಗಳೂರಿನ ಹತ್ತಿರ ಜಿಗಣಿಯ ವಿವೇಕಾನಂದ ಯೋಗ ಸಂಸ್ಥೆಯವರು ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೊತೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಕಿರಣದ ದಿನಗಳಲ್ಲಿ ಯೋಗ ಮಾಡಿದ ಸ್ತನ ಕ್ಯಾನ್ಸರಿನ ಹೆಣ್ಣುಮಕ್ಕಳ ಆಯಾಸ ಇಳಿಯಿತು, ದೇಹದ ಶಕ್ತಿ ಉತ್ತಮವಾಯಿತು. ವ್ಯಾಯಾಮದ ಲೆಕ್ಕ ಇನ್ನೂ ದೊಡ್ಡದು: ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ 889 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರ ಪೈಕಿ ಎಂಟು ವರ್ಷಕ್ಕೆ ಉಳಿದವರು ನೂರಕ್ಕೆ 90, ಬರೀ ತಿಳಿವಳಿಕೆಯ ಪುಸ್ತಿಕೆ ಪಡೆದವರಲ್ಲಿ 83. ಇಂಥವು ಪರೀಕ್ಷೆಯಲ್ಲಿ ನಿಂತ ಜೊತೆಗಾರರು. ಇವಕ್ಕೆ 'ಬದಲಿ' ಎಂಬ ಹೆಸರು ಬೇಕಿಲ್ಲ, ಆಸ್ಪತ್ರೆಯ ಒಳಗೇ ಜಾಗ ಬೇಕು.

'ಜೊತೆಗೆ' ಎನ್ನುವಾಗ ಇನ್ನೊಂದು ಎಚ್ಚರವೂ ಬೇಕು. ಗಿಡದ್ದಾದರೆ ಏನೂ ಕೆಡುಕಿಲ್ಲ ಎಂಬ ನಂಬಿಕೆ ಸರಿಯಲ್ಲ. ಗುಣ ಮಾಡುವ ಶಕ್ತಿಯಿರುವ ವಸ್ತುವಿಗೆ ಕೆಡಿಸುವ ಶಕ್ತಿಯೂ ಇರುತ್ತದೆ. ಬಾಸ್ಟನ್ ಅಂಗಡಿಗಳಲ್ಲಿ ಸಿಕ್ಕ ದಕ್ಷಿಣ ಏಷ್ಯಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಇತ್ತು. ಕೀಮೋದ ಹಲವು ಔಷಧಿಗಳನ್ನು ಪಚಿಸಬೇಕಾದ ಪಿತ್ತಜನಕಾಂಗದ ಮೇಲೆ ಅದೇ ಹೊತ್ತಿಗೆ ಇನ್ನೊಂದು ಭಾರ ಹೇರಿದರೆ ಔಷಧಿ ರಕ್ತದಲ್ಲಿ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ಆದರೂ ಗೋಡೆಯ ಮೇಲೆ, ಮೊಬೈಲಿನಲ್ಲಿ ಅವು ತಪ್ಪಿಲ್ಲ.

ನಮ್ಮ ಸೀಮೆಯದೇ ಒಂದು ಪುರಾವೆ ಹೇಳಬೇಕು. ಬಡ ಕುಟುಂಬಗಳಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ರೋಗಗಳ ಆಸ್ಪತ್ರೆ ಖರ್ಚು ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು, ಕೊಪ್ಪಳವೂ ಸೇರಿದ ಕಲಬುರ್ಗಿ ವಿಭಾಗಕ್ಕೆ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಅದಿಲ್ಲದ ನೆರೆಯ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನದಂತೆ, ಆ ರೋಗಗಳಿಂದ ಬಡವರಲ್ಲಿ ಆಗುತ್ತಿದ್ದ ಸಾವು ಶೇ. 64ರಷ್ಟು ಕಡಿಮೆಯಾಗಿತ್ತು. ಅದೇ ಜನ, ಅದೇ ನಂಬಿಕೆಗಳು, ಅದೇ ನಾಟಿ ವೈದ್ಯರು. ಬದಲಾದದ್ದು ಒಂದೇ, ಆಸ್ಪತ್ರೆಯ ಬಾಗಿಲು ತೆರೆದಿತ್ತು. ನಮ್ಮವರು ಕಷಾಯದ ಕಡೆ ಹೋಗುವುದು ಬರೀ ನಂಬಿಕೆಯಿಂದಲ್ಲ, ಹಣ ಮತ್ತು ದೂರ ಅವರನ್ನು ಅತ್ತ ತಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈಗ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಹಗಲು ಬಂದು ಕೀಮೋ ಪಡೆದು ಹೋಗುವ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಕೀಮೋಗಾಗಿ ಹುಬ್ಬಳ್ಳಿಯ ರೈಲು ಹಿಡಿಯುವುದು ತಪ್ಪಿದರೆ, ನಡುವೆ ಚಿಕಿತ್ಸೆ ಬಿಡುವವರು ಕಡಿಮೆಯಾಗುತ್ತಾರೆ.

ಹಾಗೆ ಬರುವ ಕೇಂದ್ರದಲ್ಲಿ ಯಂತ್ರದಷ್ಟೇ ಮುಖ್ಯವಾಗಿ ಒಂದು ರೂಢಿ ಬೇಕು. ಫೈಲು ತೆರೆದ ದಿನವೇ ವೈದ್ಯರೋ ನರ್ಸೋ ಗದರದೆ, ನಮ್ಮ ಮಾತಿನಲ್ಲೇ, 'ಮತ್ತ ಬ್ಯಾರೆ ಏನರ ಔಷಧಿ ತಗೊಳ್ಳಾಕತ್ತೀರೇನ್ರಿ?' ಎಂದು ಕೇಳಬೇಕು. ಮನೆಯವರು ಅಂಜದೆ ಕಷಾಯದ ಹೆಸರು, ಕೊಟ್ಟವರ ಊರು, ಶುರುಮಾಡಿದ ದಿನ ಹೇಳಬೇಕು. ಪುಡಿಯ ಪೊಟ್ಟಣ ತಂದು ಮೇಜಿನ ಮೇಲೆ ಇಡಬೇಕು. ಯಾವುದನ್ನು ಕೀಮೋ ದಿನಗಳಲ್ಲಿ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬಹುದು ಎಂದು ವೈದ್ಯರು ಕಾರಣ ಸಹಿತ ತಿಳಿಸಬೇಕು. ಇಷ್ಟೂ ಬಯಾಪ್ಸಿ ವರದಿಯ ಪಕ್ಕದಲ್ಲಿ ಅದೇ ಫೈಲಿನಲ್ಲಿ ಬರಹದಲ್ಲಿರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಇಂಥ ಫೈಲುಗಳು ಹತ್ತು ವರ್ಷ ಒಂದೆಡೆ ಸೇರಿದರೆ, ಯಾವುದರಿಂದ ಗುಣವಾಯಿತು ಎಂಬ ಪ್ರಶ್ನೆಗೆ ನಮ್ಮದೇ ಜನರ ಲೆಕ್ಕದಿಂದ ಉತ್ತರ ಹೇಳಲು ಬರುತ್ತದೆ.